ಜಾಂಜಿಬಾರ್‌ನಲ್ಲಿ ಕಡಲ ದಂಡೆಯ ಹೋಟೆಲ್: ಯಾವ ದಂಡೆ, ಯಾವ ತಿಥಿ?

ತುಂಗಾತೀರ
ದಸರಾ ರಜೆಯ ಕೊನೆಯ ಐದು ರಾತ್ರಿಗೆ ತಾಂಜಾನಿಯಾದ ಜಾಂಜಿಬಾರ್ ದ್ವೀಪ ಅಂತ ತೀರ್ಮಾನ ಆಗಿದೆ. ಇಬ್ಬರು ದೊಡ್ಡವರು, ಎಂಟು ವರ್ಷದ ಮಗು, ಎಪ್ಪತ್ತು ದಾಟಿದ ಅಮ್ಮ. ಅಮ್ಮನಿಗೆ ಮೊಣಕಾಲು ನೋವು, ಅಪ್ಪಟ ಸಸ್ಯಾಹಾರ. ಮೂರು ಹೋಟೆಲ್ ಆರಿಸಿಟ್ಟಿದ್ದೇವೆ: ಪಾಜೆಯಲ್ಲಿ ಒಂದು, ಕಿವೆಂಗ್ವಾದಲ್ಲಿ ಒಂದು, ನುಂಗ್ವಿಯಲ್ಲಿ ಒಂದು. ಮೂರರ ಫೋಟೋದಲ್ಲೂ ಅದೇ ನೀಲಿ ನೀರು, ಅದೇ ಬಿಳಿ ಮರಳು, ಅದೇ ತೂಗುಮಂಚ. ಬೆಲೆ ಮಾತ್ರ ಅಜಗಜಾಂತರ. ಏನು ನೋಡಿ ಆರಿಸಬೇಕು?

ಮರವಂತೆ ಮರಳು
ಸ್ಟಾರ್ ಎಷ್ಟು, ಈಜುಕೊಳ ಎಷ್ಟು ದೊಡ್ಡದು ಅನ್ನೋದೆಲ್ಲ ಆಮೇಲೆ. ಮೊದಲು ಕೇಳಬೇಕಾದ್ದು: ನಾನು ಅಲ್ಲಿರುವ ದಿನಗಳಲ್ಲಿ ಹೋಟೆಲ್ ಮುಂದೆ ನೀರು ಎಷ್ಟು ಹೊತ್ತಿಗೆ ಇರುತ್ತೆ?

ನಮ್ಮ ಕರಾವಳಿಯಲ್ಲಿ ಉಬ್ಬರ-ಇಳಿತದ ಅಂತರ ಹೆಚ್ಚೆಂದರೆ ಒಂದೂವರೆ ಮೀಟರ್ ಆಸುಪಾಸು. ಮಲ್ಪೆಯಲ್ಲೋ ಮರವಂತೆಯಲ್ಲೋ ಇಳಿತ ಆದರೆ ಹತ್ತು ಹೆಜ್ಜೆ ಮುಂದೆ ಹೋಗಿ ಕಾಲು ನೆನೆಸಿದರಾಯ್ತು. ಜಾಂಜಿಬಾರ್‌ನಲ್ಲಿ ಹುಣ್ಣಿಮೆ-ಅಮಾವಾಸ್ಯೆಯ ಸುತ್ತ ಆ ಅಂತರ ನಾಲ್ಕು ಮೀಟರ್ ಹತ್ತಿರ ಬರುತ್ತದೆ. ಅದೂ ಪಾಜೆ, ಕಿವೆಂಗ್ವಾ ಇರುವ ಪೂರ್ವ ದಂಡೆಯಲ್ಲಿ ತಳ ಬಹುತೇಕ ಚಪ್ಪಟೆ: ದಡದಿಂದ ಒಂದು ಕಿಲೋಮೀಟರ್‌ಗೂ ಮಿಕ್ಕಿ ಮರಳು ಹಾಸು, ಅದರಾಚೆ ಹವಳದ ದಿಬ್ಬ, ಅಲೆ ಒಡೆಯುವುದೆಲ್ಲ ಅಲ್ಲೇ. 250 ಮೀಟರಿಗೆ ಒಂದು ಮೀಟರ್ ಇಳಿಜಾರು ಅಂತ ಲೆಕ್ಕ ಹಿಡಿದರೆ, ನಾಲ್ಕು ಮೀಟರ್ ನೀರು ಇಳಿದಾಗ ದಂಡೆ ಒಂದು ಕಿಲೋಮೀಟರ್ ಹಿಂದೆ ಸರಿದಿರುತ್ತದೆ. ಹೋಟೆಲ್ "ಬೀಚ್‌ಫ್ರಂಟ್" ಅನ್ನೋದು ನಿಜವೇ. ಬೀಚ್ ಇದೆ, ಸಮುದ್ರ ಆಚೆ ಹೋಗಿರುತ್ತದೆ ಅಷ್ಟೆ.

ಉತ್ತರ ತುದಿಯ ನುಂಗ್ವಿಯ ಪಶ್ಚಿಮ ಬದಿ ಮತ್ತು ಕೆಂಡ್ವಾದಲ್ಲಿ ತಳ ಬೇಗ ಆಳಕ್ಕೆ ಇಳಿಯುತ್ತದೆ. ಅಲ್ಲೂ ನೀರು ಅಷ್ಟೇ ಎತ್ತರ ಏರಿ ಇಳಿಯುತ್ತೆ, ಆದರೆ ಅಡ್ಡಕ್ಕೆ ಸರಿಯುವುದು ಕೆಲವೇ ಮೀಟರ್. ದಿನವಿಡೀ ಈಜಬಹುದು. ಬೆಲೆಯ ವ್ಯತ್ಯಾಸಕ್ಕೆ ಒಂದು ದೊಡ್ಡ ಕಾರಣ ಇದು.

ಧಾರವಾಡ ಪೇಡೆ
ಅಂದ್ರ ಹೋಟೆಲ್ ಫೋಟೋ ಎಲ್ಲಾ ಉಬ್ಬರದಾಗ ತಗದಿದ್ದು ಅನ್ರಿ.

ಮರವಂತೆ ಮರಳು
ಇಳಿತದಲ್ಲಿ ಯಾರು ತೆಗೀತಾರೆ! ಅದಕ್ಕೇ ಹೋಟೆಲಿನ ಫೋಟೋ ಬಿಟ್ಟು, ತಂಗಿ ಬಂದವರು ಹಾಕಿದ ಫೋಟೋ ನೋಡಿ. ದೋಣಿಗಳು ಮರಳ ಮೇಲೆ ಪಕ್ಕಕ್ಕೆ ವಾಲಿಕೊಂಡು ಕೂತಿದ್ದರೆ ಅದು ಇಳಿತ. ಎರಡನೆಯದು, ಉಪಗ್ರಹ ನಕ್ಷೆಯಲ್ಲಿ ಹೋಟೆಲ್ ಹುಡುಕಿ ದೂರ ಅಳೆಯುವ ಪಟ್ಟಿ ತೆಗೆದು ದಡದಿಂದ ಬಿಳಿ ನೊರೆ ಗೆರೆಯವರೆಗೆ ಅಳೆಯಿರಿ. 100-150 ಮೀಟರ್ ಒಳಗೆ ಕಡುನೀಲಿ ಶುರುವಾದರೆ ಸರಿ. ತಿಳಿಹಸಿರು, ಕಂದು ಮಚ್ಚೆಮಚ್ಚೆಯಾಗಿ ಕಿಲೋಮೀಟರ್‌ಗಟ್ಟಲೆ ಹರಡಿದ್ದರೆ ಅದು ಇಳಿತದಲ್ಲಿ ಬರಿದಾಗುವ ಹಾಸು. ಗೂಗಲ್ ಅರ್ತ್‌ನಲ್ಲಿ ಹಳೆಯ ವರ್ಷಗಳ ಚಿತ್ರವೂ ಸಿಗುತ್ತದೆ. ಒಂದರಲ್ಲಿ ಉಬ್ಬರ, ಇನ್ನೊಂದರಲ್ಲಿ ಇಳಿತ ಇರುವ ಸಾಧ್ಯತೆ ಹೆಚ್ಚು. ಹಾಗೇ ಮರಳು ವರ್ಷದಿಂದ ವರ್ಷಕ್ಕೆ ಕೊರೆದು ಹೋಗಿದೆಯೇ ಅಂತಲೂ ಗೊತ್ತಾಗುತ್ತೆ.

ದಾರ್ ವಾಸಿ
ಮೇಲಿನದಕ್ಕೆ ಊರೂರಿನ ವಿವರ ಸೇರಿಸುತ್ತೇನೆ, ಯಾಕೆಂದರೆ "ನುಂಗ್ವಿ" ಅಂತ ವಿಳಾಸ ನೋಡಿದ ಕೂಡಲೇ ನಿಶ್ಚಿಂತೆ ಅಂದುಕೊಳ್ಳಬಾರದು. ನುಂಗ್ವಿ ದ್ವೀಪದ ಮೂತಿಯಲ್ಲಿದೆ, ದೀಪಸ್ತಂಭದ ಪಶ್ಚಿಮಕ್ಕೆ ಒಂದು ದಂಡೆ, ಪೂರ್ವಕ್ಕೆ ಇನ್ನೊಂದು. ಪೂರ್ವ ಬದಿಯಲ್ಲಿ ಮತ್ತೆ ಅದೇ ಚಪ್ಪಟೆ ಹಾಸು, ಬಂಡೆ. ಎರಡೂ ಕಡೆಯ ಹೋಟೆಲು ಬುಕಿಂಗ್ ಪುಟದಲ್ಲಿ "ನುಂಗ್ವಿ ಬೀಚ್" ಅಂತಲೇ ಇರುತ್ತವೆ. ನಕ್ಷೆಯಲ್ಲಿ ಹೋಟೆಲ್ ಮುಖ ಯಾವ ದಿಕ್ಕಿಗೆ ಅಂತ ನೋಡಿ: ಸೂರ್ಯಾಸ್ತ ಕಾಣುವ ಕಡೆ ಇದ್ದರೆ ಈಜಲು ಒಳ್ಳೆಯದು.

ನುಂಗ್ವಿಯ ಪಶ್ಚಿಮದಲ್ಲಿ ಉಲ್ಟಾ ತೊಂದರೆಯೂ ಉಂಟು. ಕೆಲವು ಹೋಟೆಲುಗಳ ಕಲ್ಲಿನ ಗೋಡೆಗೆ ದೊಡ್ಡ ಉಬ್ಬರದಲ್ಲಿ ನೀರು ಬಡಿಯುತ್ತದೆ, ಮರಳೇ ಉಳಿಯುವುದಿಲ್ಲ. ಎರಡು ಮೂರು ತಾಸು ದಂಡೆ ಮೇಲೆ ನಡೆಯುವ ಹಾಗಿಲ್ಲ, ಮಗು ಮರಳಾಟಕ್ಕೆ ಕಾಯಬೇಕು. ಅಲ್ಲಿಂದ ಮೂರು ಕಿಲೋಮೀಟರ್ ದಕ್ಷಿಣದ ಕೆಂಡ್ವಾದಲ್ಲಿ ಮರಳು ಅಗಲ, ಉಬ್ಬರದಲ್ಲೂ ಜಾಗ ಇರುತ್ತದೆ. ಆದರೆ ಕೆಂಡ್ವಾ ಹುಣ್ಣಿಮೆ ಪಾರ್ಟಿಗೆ ಹೆಸರುವಾಸಿ. ಹುಣ್ಣಿಮೆ ಹತ್ತಿರದ ವಾರಾಂತ್ಯದಲ್ಲಿ ಅಮ್ಮನಿಗೆ ನಿದ್ದೆ ಬೇಕಿದ್ದರೆ ದಂಡೆಯ ಉತ್ತರ ಅಥವಾ ದಕ್ಷಿಣ ತುದಿಯ ಹೋಟೆಲ್ ನೋಡಬೇಕು.

ಕಿವೆಂಗ್ವಾ ಮತ್ತು ಅದರ ಪಕ್ಕದ ಪ್ವಾನಿ ಮ್ಚಂಗಾನಿ: ದೊಡ್ಡ ರೆಸಾರ್ಟ್‌ಗಳ ಸಾಲು. ಇಲ್ಲಿ ಕೆಲವು ಕಡೆ ಹೋಟೆಲ್ ಹವಳಗಲ್ಲಿನ ದಿಣ್ಣೆಯ ಮೇಲಿದೆ, ದಂಡೆಗೆ ಮೆಟ್ಟಿಲು ಇಳಿಯಬೇಕು. ಮೊಣಕಾಲಿನವರಿಗೆ ಇದು ಮುಖ್ಯ. ಎಷ್ಟು ಮೆಟ್ಟಿಲು, ಕೈಹಿಡಿ ಇದೆಯೇ, ಬೇರೆ ಇಳಿಜಾರು ದಾರಿ ಇದೆಯೇ ಅಂತ ಕೇಳದೆ ಬುಕ್ ಮಾಡಬೇಡಿ.

ಮತೆಂವೆ: ಎದುರಿಗೆ ಮ್ನೆಂಬಾ ಹವಳದಿಬ್ಬ, ನೀರಿನೊಳಗೆ ಮೀನು ನೋಡುವವರಿಗೆ ಹತ್ತಿರ. ಶಾಂತ. ಆದರೆ ದಂಡೆ ಚಪ್ಪಟೆ.

ಪಾಜೆ, ಬ್ವೆಜು, ಜಂಬಿಯಾನಿ: ಚಪ್ಪಟೆ ಅಂದರೆ ಇದೇ. ಆದರೆ ಊರು, ಅಗ್ಗದ ಊಟ, ನಡೆಯಲು ಗಟ್ಟಿ ಮರಳು ಎಲ್ಲ ಇಲ್ಲೇ ಚೆನ್ನ. ಮಿಚಂವಿ ಕಾಯೆ ಪೂರ್ವ ದಂಡೆಯ ನಾಲಿಗೆಯಂಥ ಭೂಭಾಗದ ಒಳಬದಿ, ಚ್ವಾಕಾ ಕೊಲ್ಲಿಗೆ ಮುಖ. ಪೂರ್ವದಲ್ಲಿದ್ದೂ ಸೂರ್ಯಾಸ್ತ ಕಾಣುವ ಜಾಗ.

ತುಂಗಾತೀರ
ಹಾಗಾದರೆ ಪಾಜೆ ಬಿಟ್ಟುಬಿಡಬೇಕಾ? ಅಲ್ಲಿ ಇದೇ ದುಡ್ಡಿಗೆ ದುಪ್ಪಟ್ಟು ದೊಡ್ಡ ಕೋಣೆ ಸಿಗ್ತಿದೆ.

ಮರವಂತೆ ಮರಳು
ಬಿಡಬೇಕು ಅಂತಿಲ್ಲ. ನಿಮ್ಮ ದಿನಾಂಕ ದಸರಾ ಅಂದಿರಿ. ಪಂಚಾಂಗ ತೆಗೆಯಿರಿ.

ಧಾರವಾಡ ಪೇಡೆ
ಹೋಟೆಲ್ ಬುಕ್ ಮಾಡಾಕ ಪಂಚಾಂಗ ಏನ್ರಿ? ರಾಹುಕಾಲನೂ ನೋಡಬೇಕೇನು?

ಮರವಂತೆ ಮರಳು
ರಾಹುಕಾಲ ಬೇಡ, ತಿಥಿ ಸಾಕು. ಉಬ್ಬರ-ಇಳಿತ ಚಂದ್ರನದು, ತಿಥಿಯೂ ಚಂದ್ರನದು. ಮೀನುಗಾರರ ಹಳೆಯ ಲೆಕ್ಕ ಇದು, ಜಾಂಜಿಬಾರ್‌ಗೆ ಹೊಂದಿಸಿ ಬರೆಯುತ್ತೇನೆ.

ಅಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ದಿನ ಉಬ್ಬರದ ತುದಿ ಸುಮಾರು 4 ಗಂಟೆಗೆ, ನಸುಕಿಗೊಂದು, ಸಂಜೆಗೊಂದು. ಇಳಿತದ ತಳ ಸುಮಾರು 10ಕ್ಕೆ, ಬೆಳಿಗ್ಗೆ ಮತ್ತು ರಾತ್ರಿ. ದಿನಕ್ಕೆ ಹತ್ತಿರಹತ್ತಿರ 48-50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಂದರೆ ತಿಥಿಯ ಸಂಖ್ಯೆಯನ್ನು 48 ನಿಮಿಷದಿಂದ ಗುಣಿಸಿ 4 ಗಂಟೆಗೆ ಕೂಡಿಸಿ. ಪಂಚಮಿ: 5 × 48 = 4 ತಾಸು, ಉಬ್ಬರ 8ರ ಸುಮಾರಿಗೆ. ಅಷ್ಟಮಿ: 8 × 48 = 6 ತಾಸು 24 ನಿಮಿಷ, ಉಬ್ಬರ ಹತ್ತೂವರೆಗೆ. ಅದಕ್ಕೆ ಆರು ತಾಸು ಕೂಡಿಸಿದರೆ ಇಳಿತ. ಅರ್ಧ-ಮುಕ್ಕಾಲು ಗಂಟೆ ಹೆಚ್ಚುಕಡಿಮೆ ಆಗಬಹುದು, ಹೋಟೆಲ್ ಆರಿಸುವ ಹಂತಕ್ಕೆ ಅಷ್ಟು ಸಾಕು. ನೀರಿಗಿಳಿಯುವ ದಿನಕ್ಕೆ ಮಾತ್ರ ಉಬ್ಬರ-ಇಳಿತದ ಹೊತ್ತು, ಎತ್ತರ ಕೊಡುವ ಟೈಡ್ ಪಟ್ಟಿಯನ್ನೇ ನೋಡಿ.

ಇನ್ನು ಎಷ್ಟು ಇಳಿಯುತ್ತೆ ಅನ್ನೋದು. ಹುಣ್ಣಿಮೆ-ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ಅತಿ ದೊಡ್ಡದು: ಪಟ್ಟಿಯಲ್ಲಿ ಇಳಿತ 0.3 ಮೀಟರ್, ಉಬ್ಬರ 3.8-3.9 ಹೀಗೆ. ಅಷ್ಟಮಿ ಕಳೆದು ಒಂದೆರಡು ದಿನಕ್ಕೆ ಅತಿ ಸಣ್ಣದು: ಇಳಿತ 1.5ರ ಸುತ್ತ, ಉಬ್ಬರ 2.5ರ ಸುತ್ತ. ಇಳಿತದ ಅಂಕಿ 0.8ಕ್ಕಿಂತ ಕೆಳಗಿದ್ದರೆ ಪಾಜೆ-ಜಂಬಿಯಾನಿ ಹಾಸು ಬರಿದಾಗುತ್ತದೆ ಅಂತ ಇಟ್ಟುಕೊಳ್ಳಿ. 1.3ಕ್ಕಿಂತ ಮೇಲಿದ್ದರೆ ಇಳಿತದಲ್ಲೂ ನೀರು ನಿಂತಿರುತ್ತದೆ.

ಈಗ ದಸರಾ. ದುರ್ಗಾಷ್ಟಮಿ, ಮಹಾನವಮಿ, ವಿಜಯದಶಮಿ: ಯಾವ ವರ್ಷವೇ ಆಗಲಿ ಇವು ಅರ್ಧಚಂದ್ರದ ದಿನಗಳು, ಅಂದರೆ ಸಣ್ಣ ಉಬ್ಬರದ ದಿನಗಳು. ಅದೂ ವಿಷುವತ್ತಿನ ಹತ್ತಿರದ ತಿಂಗಳಾದ್ದರಿಂದ ದೊಡ್ಡದು ಇನ್ನೂ ದೊಡ್ಡದು, ಸಣ್ಣದು ಇನ್ನೂ ಸಣ್ಣದು. ಹಬ್ಬದ ಆ ಮೂರು ನಾಲ್ಕು ದಿನ ಪೂರ್ವ ದಂಡೆಯೂ ಒಣಗುವುದಿಲ್ಲ, ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ ಉಬ್ಬರ. ಮಗುವಿಗೆ ಹೇಳಿ ಮಾಡಿಸಿದ ಹೊತ್ತು. ಅದೇ ಪಾಡ್ಯ-ಬಿದಿಗೆಗೆ ಹೋದರೆ ತಿಂಡಿ ಮುಗಿಸಿ ಹೊರಬರುವ ಹೊತ್ತಿಗೆ ಸಮುದ್ರವೇ ಇಲ್ಲ. ದೀಪಾವಳಿ ರಜೆಯೂ ಹಾಗೇ, ಅಮಾವಾಸ್ಯೆ ಬೇರೆ, ಜೊತೆಗೆ ಸಣ್ಣ ಮಳೆಗಾಲ.

ದಾರ್ ವಾಸಿ
ಒಪ್ಪಿದೆ, ಆದರೆ ಒಂದು ತಕರಾರು. ನೀರು ನಿಂತಿರುತ್ತೆ ಅನ್ನೋದು ಬೇರೆ, ಈಜುವ ಹಾಗಿರುತ್ತೆ ಅನ್ನೋದು ಬೇರೆ. ಪೂರ್ವ ದಂಡೆಯಲ್ಲಿ ತೊಡೆಮಟ್ಟದ ನೀರಿನಡಿ ಕಡಲಹುಲ್ಲು, ಅದರ ಸಂದಿಯಲ್ಲಿ ಮುಳ್ಳಿನ ಕಡಲಉರ್ಚಿನ್. ಕಪ್ಪು ಚೆಂಡಿಗೆ ಸೂಜಿ ಚುಚ್ಚಿದ ಹಾಗಿರುತ್ತದೆ. ತುಳಿದರೆ ಮುಳ್ಳು ಚರ್ಮದೊಳಗೇ ಮುರಿದು ಉಳಿಯುತ್ತದೆ, ಕಿತ್ತಷ್ಟೂ ಪುಡಿಯಾಗುತ್ತದೆ. ತಡೆಯಬಹುದಾದಷ್ಟು ಬಿಸಿಯ ನೀರಿನಲ್ಲಿ ಪಾದ ಇಟ್ಟರೆ ನೋವು ಇಳಿಯುತ್ತದೆ, ಆಳಕ್ಕೆ ಹೋಗಿದ್ದರೆ ವೈದ್ಯರೇ ತೆಗೆಯಬೇಕು. ದಪ್ಪ ರಬ್ಬರ್ ಅಡಿಯ ನೀರಿನ ಬೂಟು ಊರಿಂದಲೇ ಒಯ್ಯಿರಿ, ಎಲ್ಲರಿಗೂ ಒಂದೊಂದು ಜೊತೆ. ಹವಾಯಿ ಚಪ್ಪಲಿ ಸಾಲದು.

ಎಪ್ಪತ್ತರ ಅಮ್ಮ ಬರೀ ಕಾಲಲ್ಲಿ ನೀರಿಗಿಳಿಯಬೇಕು ಅಂದರೆ ಕೆಂಡ್ವಾವೇ ಸರಿ. ತಳ ಶುದ್ಧ ಮರಳು.

ಮರವಂತೆ ಮರಳು
ಆ ಮಾತು ಹೌದು. ಬೂಟಿನ ವಿಷಯ ನಾನು ಮೊದಲೇ ಬರೆಯಬೇಕಿತ್ತು.

ದಿಬ್ಬದವರೆಗೆ ನಡೆದು ಹೋಗುವವರಿಗೆ ಇನ್ನೊಂದು ಲೆಕ್ಕ. ನೀರು ಒಂದೇ ಸಮ ಏರುವುದಿಲ್ಲ. ಆರು ತಾಸಿನಲ್ಲಿ ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ, ತಾಸಿಗೆ 1, 2, 3, 3, 2, 1 ಪಾಲು. 3.6 ಮೀಟರ್ ಏರುವ ದಿನ ಮೊದಲ ತಾಸು 30 ಸೆಂಟಿಮೀಟರ್, ಮೂರನೆಯ ತಾಸು 90. ಮೊದಲ ತಾಸಿನಲ್ಲಿ ಏನೂ ಆಗಿಲ್ಲ ಅನ್ನಿಸುತ್ತೆ, ಅದೇ ಮೋಸ. ಮೇಲಾಗಿ ದಡದ ಹತ್ತಿರದ ತಗ್ಗುಗಳು ಮೊದಲು ತುಂಬುತ್ತವೆ, ಎತ್ತರದ ದಿಬ್ಬದ ಮೇಲೆ ನಿಂತವರಿಗೆ ಹಿಂದೆ ತುಂಬಿದ್ದು ಕಾಣುವುದೇ ಇಲ್ಲ. ಇಳಿತದ ತಳಕ್ಕೆ ಒಂದೂವರೆ ತಾಸು ಮುಂಚೆ ಹೊರಟು, ತಳ ಮುಟ್ಟಿದ ಹೊತ್ತಿಗೆ ವಾಪಸ್ ಮುಖ ಮಾಡಬೇಕು.

ಗಾಳಿಪಟ
ಗಾಳಿಯ ಲೆಕ್ಕವನ್ನು ಯಾರೂ ಹೇಳಿಲ್ಲ. ಎರಡು ಗಾಳಿ: ಕುಸಿ ಮತ್ತು ಕಸ್ಕಜಿ. ಕುಸಿ ಆಗ್ನೇಯದಿಂದ, ಜೂನ್‌ನಿಂದ ಸೆಪ್ಟೆಂಬರ್ ತನಕ ಜೋರು. ಕಸ್ಕಜಿ ಈಶಾನ್ಯದಿಂದ, ಡಿಸೆಂಬರ್‌ನಿಂದ ಫೆಬ್ರವರಿ. ಮಳೆ ಇವೆರಡರ ನಡುವಿನ ಸಂಧಿಕಾಲದಲ್ಲಿ: ಮಾರ್ಚ್ ಕೊನೆಯಿಂದ ಮೇ ತನಕ ದೊಡ್ಡ ಮಳೆ ಮಸೀಕಾ, ನವೆಂಬರ್ ಸುತ್ತ ಸಣ್ಣ ಮಳೆ ವೂಲಿ. ಏಪ್ರಿಲ್-ಮೇನಲ್ಲಿ ಎಷ್ಟೋ ಹೋಟೆಲು ಬಾಗಿಲು ಹಾಕಿ ಸೂರು ರಿಪೇರಿ ಮಾಡಿಸುತ್ತವೆ. ಆಗ ಸಿಗುವ ಅರ್ಧ ಬೆಲೆಯ ಹಿಂದೆ ಸುತ್ತಿಗೆ ಸದ್ದೂ ಇರುತ್ತದೆ.

ಪಾಜೆಯಲ್ಲಿ ಎರಡೂ ಗಾಳಿ ದಡಕ್ಕೆ ಓರೆಯಾಗಿ ಬೀಸುತ್ತವೆ, ಅಡ್ಡಕ್ಕೆ ಮರವಿಲ್ಲ, ನೀರು ಆಳವಿಲ್ಲ. ಅದಕ್ಕೇ ಅದು ದೊಡ್ಡ ಗಾಳಿಪಟದ (ಕೈಟ್) ಎಳೆತಕ್ಕೆ ಹಲಗೆ ಮೇಲೆ ನಿಂತು ನೀರಲ್ಲಿ ಜಾರುವ ಕೈಟ್‌ಸರ್ಫಿಂಗ್‌ನವರ ಊರು. ಜುಲೈ-ಆಗಸ್ಟ್, ಜನವರಿಯಲ್ಲಿ ಒಮ್ಮೆಗೆ ಹತ್ತಾರು ಕೈಟ್ ನೀರಿನ ಮೇಲೆ ಇರುತ್ತವೆ. ಪ್ರತಿಯೊಂದಕ್ಕೂ ಇಪ್ಪತ್ತು ಮೀಟರಿಗೂ ಮಿಕ್ಕಿದ ದಾರ, ಎಳೆದಾಗ ಬಿಗಿತಂತಿ ಇದ್ದ ಹಾಗೆ. ಮಗುವನ್ನು ಆಡಲು ಬಿಡುವ ಜಾಗ ಅದಲ್ಲ. ಆ ತಿಂಗಳುಗಳಲ್ಲಿ ಪಾಜೆ ಬೇಕೇ ಬೇಕು ಅಂದರೆ ಕೈಟ್ ಶಾಲೆಗಳ ಸಾಲಿನಿಂದ ಕನಿಷ್ಠ ಒಂದು ಕಿಲೋಮೀಟರ್ ಆಚೀಚೆ ನೋಡಿ. ಅಕ್ಟೋಬರ್‌ನಲ್ಲಿ ಕುಸಿ ಸೋತಿರುತ್ತದೆ, ಕಸ್ಕಜಿ ಹುಟ್ಟಿರುವುದಿಲ್ಲ. ನೀರು ತಿಳಿ, ಕೈಟ್ ಕಡಿಮೆ. ತಿಂಗಳ ಕೊನೆಗೆ ಒಂದೆರಡು ಮಳೆ ಬಂದರೆ ಬಂತು.

ಇದರಿಂದ ಕೋಣೆಗೂ ವ್ಯತ್ಯಾಸ. ಕುಸಿ ಕಾಲದಲ್ಲಿ ಪೂರ್ವ ದಂಡೆಯ ಕೋಣೆಗೆ ಫ್ಯಾನೇ ಸಾಕು, ಕಿಟಕಿ ತೆರೆದರೆ ಗಾಳಿ. ಅದೇ ಹೊತ್ತಿಗೆ ಪಶ್ಚಿಮದ ಕೆಂಡ್ವಾ ಗಾಳಿಯ ಮರೆಯಲ್ಲಿ, ನೀರು ಕನ್ನಡಿ, ಕೋಣೆ ಸೆಕೆ. ಜನವರಿ-ಫೆಬ್ರವರಿಗೆ ಎಲ್ಲಿದ್ದರೂ ಎಸಿ ಬೇಕು.

ದಾರ್ ವಾಸಿ
ಎಸಿ ಮಾತು ಬಂದದ್ದರಿಂದ ಮಕೂಟಿ ಬಗ್ಗೆ ಹೇಳಲೇಬೇಕು. ಫೋಟೋದಲ್ಲಿ ಎಲ್ಲರ ಮನಸ್ಸು ಕದಿಯುವ ಆ ಗರಿ ಹೊದಿಕೆಯ ಸೂರು. ತೆಂಗಿನ ಗರಿಯ ಎಲೆಗಳನ್ನು ಒಂದು ಕೋಲಿನ ಮೇಲೆ ಮಡಚಿ ಹೊಲಿದ ಪಟ್ಟಿ, ಅದನ್ನು ಒಂದರ ಮೇಲೊಂದು ಒತ್ತೊತ್ತಾಗಿ ಕಟ್ಟಿದ್ದು. ನಮ್ಮ ಕಡೆಯ ಮಡಲಿನ ಅಣ್ಣತಮ್ಮ. ಕೆಳಗೆ ತಾರಸಿ ಇಲ್ಲದೆ ಬರೀ ಮಕೂಟಿ ಇದ್ದರೆ ಎಸಿಯ ತಂಪು ಮೇಲಿನ ಸಂದಿಯಿಂದ ಹೊರಗೆ ಹೋಗುತ್ತಲೇ ಇರುತ್ತದೆ. ಯಂತ್ರ ರಾತ್ರಿಯಿಡೀ ಗುರ್ ಅನ್ನುತ್ತೆ, ಕೋಣೆ 28 ಡಿಗ್ರಿ. ಜೊತೆಗೆ ಹಾಸಿಗೆ ಮೇಲೆ ಗರಿಪುಡಿ, ಹಲ್ಲಿ, ಕೆಲವು ಕಡೆ ಪುಟ್ಟ ಬಾವಲಿ. ಸೂರಿನ ಇಳಿಜಾರು ಕಡಿದಾಗಿದ್ದರೆ ನೀರು ಜಾರಿಹೋಗುತ್ತದೆ, ಚಪ್ಪಟೆಯಾಗಿದ್ದರೆ ಗರಿ ಕೊಳೆತು ಸೋರುತ್ತದೆ. ಹಾಗಂತ ಮಕೂಟಿ ಕೆಟ್ಟದ್ದಲ್ಲ. ಫ್ಯಾನ್ ಮತ್ತು ಅಗಲ ಸೊಳ್ಳೆಪರದೆ ಇರುವ, ಗಾಳಿಯಾಡುವ ಕೋಣೆಗೆ ಅದಕ್ಕಿಂತ ತಂಪಿನ ಸೂರಿಲ್ಲ. ಮಕೂಟಿಯ ಕೆಳಗೆ ಎಸಿ ಹಾಕಿ ದುಡ್ಡು ಹೆಚ್ಚು ತೆಗೆದುಕೊಳ್ಳುವುದಷ್ಟೇ ತಪ್ಪು. "ಮಕೂಟಿ ಕೆಳಗೆ ಮುಚ್ಚಿದ ಸೀಲಿಂಗ್ ಇದೆಯೇ" ಅಂತ ಕೇಳಿ.

ಕರೆಂಟು: ದ್ವೀಪಕ್ಕೆ ವಿದ್ಯುತ್ ಬರುವುದು ತಾಂಜಾನಿಯಾ ಮುಖ್ಯಭೂಮಿಯಿಂದ ಸಮುದ್ರದಡಿಯ ಕೇಬಲ್‌ನಲ್ಲಿ. ಹೋಗುತ್ತಿರುತ್ತದೆ. ಜನರೇಟರ್ ಇದೆ ಅನ್ನುವ ಉತ್ತರ ಸಾಲದು. ಸಣ್ಣ ಹೋಟೆಲುಗಳಲ್ಲಿ ಅದು ಅಡುಗೆಮನೆ, ದೀಪಕ್ಕೆ ಮಾತ್ರ. "ರಾತ್ರಿ ಕೋಣೆಯ ಎಸಿ ಜನರೇಟರ್ ಮೇಲೆ ನಡೆಯುತ್ತಾ?" ಅಂತಲೇ ಕೇಳಬೇಕು. ಪ್ಲಗ್ ಮೂರು ಚಪ್ಪಟೆ ಕಡ್ಡಿಯ ಬ್ರಿಟಿಷ್ ಮಾದರಿ, 230 ವೋಲ್ಟ್.

ನೀರು: ಹವಳಗಲ್ಲಿನ ನೆಲ, ದಂಡೆಗೆ ಹತ್ತಿರದ ಕೊಳವೆಬಾವಿಯಲ್ಲಿ ಉಪ್ಪು ಬೆರೆತಿರುತ್ತದೆ. ಸ್ನಾನಕ್ಕೆ ಸವುಳು ನೀರು ಬಂದರೆ ಅಚ್ಚರಿಪಡಬೇಡಿ, ಸೋಪು ನೊರೆ ಬರುವುದಿಲ್ಲ. ಕುಡಿಯಲು ಹಲ್ಲುಜ್ಜಲು ಬಾಟಲಿ ನೀರೇ.

ಹೆಸರುಬೇಳೆ
ಊಟ. "ಸಸ್ಯಾಹಾರ ಸಿಗುತ್ತೆ" ಅಂತ ಎಲ್ಲ ಹೋಟೆಲೂ ಬರೆದಿರುತ್ತದೆ, ಅದಕ್ಕೆ ಅರ್ಥ ಬೇರೆ ಬೇರೆ. ದೊಡ್ಡ ರೆಸಾರ್ಟ್‌ನ ಬಫೆಯಲ್ಲಿ ಪಾಸ್ತಾ, ಸಲಾಡ್, ಹಣ್ಣು ಗ್ಯಾರಂಟಿ, ಮೂರನೆಯ ದಿನಕ್ಕೆ ಅಮ್ಮನಿಗೆ ಸಾಕಾಗುತ್ತದೆ. ಊರಿನ ಅಡುಗೆಯೇ ನಮಗೆ ಹತ್ತಿರ: ವಾಲಿ ವಾ ನಾಜಿ ಅಂದರೆ ತೆಂಗಿನಹಾಲಲ್ಲಿ ಬೇಯಿಸಿದ ಅನ್ನ, ಮಹರಾಗೆ ಯಾ ನಾಜಿ ಅಂದರೆ ತೆಂಗಿನಹಾಲಿನ ಕೆಂಪು ಕಾಳಿನ ಸಾರು, ಮ್ಚಿಚಾ ಅಂದರೆ ಸಾಕ್ಷಾತ್ ದಂಟಿನ ಸೊಪ್ಪು, ಚಪಾತಿಗೆ ಅಲ್ಲೂ ಚಪಾತಿ ಅಂತಲೇ. ನಾಲ್ಕೂ ಕೂಡಿದರೆ ಕರಾವಳಿ ಊಟವೇ.

ಎಡವುವುದು ಇಲ್ಲಿ: ಸೊಪ್ಪಿಗೆ, ಕಾಳಿಗೆ ರುಚಿಗಂತ ದಗಾ ಎಂಬ ಸಣ್ಣ ಒಣಮೀನು, ಇಲ್ಲವೇ ಮಾಂಸದ ಸ್ಟಾಕ್ ಕ್ಯೂಬ್ ಬೀಳಬಹುದು. ಮಾಂಸ ಬೇಡ ಅಂದರೆ ಮೀನು ಸರಿ ಅಂತ ತಿಳಿಯುವವರೂ ಇದ್ದಾರೆ. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಹೀಗೆ ಹೇಳಿ: "ಬಿಲಾ ನ್ಯಾಮಾ, ಬಿಲಾ ಕುಕು, ಬಿಲಾ ಸಮಾಕಿ, ಬಿಲಾ ದಗಾ", ಅಂದರೆ ಮಾಂಸ, ಕೋಳಿ, ಮೀನು, ಒಣಮೀನು ಇಲ್ಲದೆ. ಮೊಟ್ಟೆಯೂ ಬೇಡ ಅಂದರೆ "ಬಿಲಾ ಮಾಯಾಯಿ". ಹಿಂದಿನ ರಾತ್ರಿಯೇ ಹೇಳಿಟ್ಟರೆ ಸಣ್ಣ ಹೋಟೆಲಿನ ಅಡುಗೆಯವರು ಬೇರೆ ಪಾತ್ರೆಯಲ್ಲಿ ಮಾಡಿಕೊಡುತ್ತಾರೆ, ಬಫೆಯವರಿಗೆ ಅದು ಕಷ್ಟ. ಆದ್ದರಿಂದ ಮೂರು ಹೊತ್ತೂ ಸೇರಿದ ಪ್ಯಾಕೇಜಿಗೆ ದುಡ್ಡು ಕಟ್ಟಬೇಡಿ. ತಿಂಡಿ ಮಾತ್ರ, ಇಲ್ಲವೇ ತಿಂಡಿ ಮತ್ತು ರಾತ್ರಿಯೂಟ. ಕೋಣೆಯಲ್ಲಿ ಕೆಟಲ್ ಇದ್ದರೆ ಅವಲಕ್ಕಿ, ಉಪ್ಪಿಟ್ಟಿನ ರೆಡಿ ಮಿಕ್ಸ್ ಸಾಕಷ್ಟು ಕೆಲಸಕ್ಕೆ ಬರುತ್ತದೆ. ಪ್ಲಾಸ್ಟಿಕ್ ಕೈಚೀಲದಲ್ಲಿ ಮಾತ್ರ ಕಟ್ಟಬೇಡಿ, ತಾಂಜಾನಿಯಾದಲ್ಲಿ 2019ರ ಜೂನ್ 1ರಿಂದ ಅವು ನಿಷಿದ್ಧ.

ರಂಜಾನ್ ತಿಂಗಳಲ್ಲಿ ಹೋಗುವವರಿಗೆ: ರೆಸಾರ್ಟ್ ಒಳಗೆ ಏನೂ ಬದಲಾಗುವುದಿಲ್ಲ, ಊರೊಳಗಿನ ಹೋಟೆಲು ಹಗಲು ಮುಚ್ಚಿರುತ್ತವೆ. ಆಗ ಮಧ್ಯಾಹ್ನದ ಊಟ ಸೇರಿದ ದರವೇ ವಾಸಿ.

ಲೆಕ್ಕಾಚಾರ್
ಬುಕಿಂಗ್ ಪುಟದ ಬೆಲೆಯ ಮೇಲೆ ಬೀಳುವವು:

ಭಾರತೀಯರಿಗೆ ತಾಂಜಾನಿಯಾ ಇ-ವೀಸಾ ಒಬ್ಬರಿಗೆ 50 ಡಾಲರ್. ಸರ್ಕಾರಿ ಜಾಲತಾಣದಲ್ಲೇ ಹಾಕಿ, ಹುಡುಕಿದಾಗ ಮೇಲೆ ಬರುವ ಏಜೆಂಟರ ಪುಟಗಳು ದುಪ್ಪಟ್ಟು ತೆಗೆಯುತ್ತವೆ. ಜಾಂಜಿಬಾರ್‌ಗೆ ಬೇರೆ ವೀಸಾ ಇಲ್ಲ, ಆದರೆ ಬೇರೆ ವಿಮೆ ಇದೆ: 2024ರ ಅಕ್ಟೋಬರ್ 1ರಿಂದ ದ್ವೀಪದ ಸರ್ಕಾರಿ ವಿಮಾ ನಿಗಮದ ಪಾಲಿಸಿ ಕಡ್ಡಾಯ, ದೊಡ್ಡವರಿಗೆ 44 ಡಾಲರ್. ನಿಮ್ಮ ಭಾರತದ ಪ್ರಯಾಣ ವಿಮೆ ಇದ್ದರೂ ಇದನ್ನು ಕೊಳ್ಳಲೇಬೇಕು. ಹೋಟೆಲಿನಲ್ಲಿ ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಅಂತ ಮೂಲಸೌಕರ್ಯ ತೆರಿಗೆ ಡಾಲರ್ ಲೆಕ್ಕದಲ್ಲಿ ಕೇಳುತ್ತಾರೆ, ಬಹುತೇಕ ಬುಕಿಂಗ್ ದರದಲ್ಲಿ ಸೇರಿರುವುದಿಲ್ಲ. ನಾಲ್ಕು ಜನ, ಐದು ರಾತ್ರಿ ಅಂದರೆ ಇಪ್ಪತ್ತು ಪಟ್ಟು. ಮೊತ್ತವನ್ನು ಮೊದಲೇ ಬರಹದಲ್ಲಿ ಕೇಳಿ. ವಿಮಾನ ನಿಲ್ದಾಣ ದ್ವೀಪದ ಹಳೆಯ ಪಟ್ಟಣ ಸ್ಟೋನ್ ಟೌನ್ ಪಕ್ಕ. ನುಂಗ್ವಿ, ಪಾಜೆ ಎರಡೂ ಒಂದು-ಒಂದೂವರೆ ತಾಸು, ಟ್ಯಾಕ್ಸಿಗೆ ಸುಮಾರು 40-50 ಡಾಲರ್. ದಲಾದಲಾ ಎಂಬ ಹಂಚು ವ್ಯಾನು ಅಗ್ಗ, ಮೊಣಕಾಲಿಗೆ ಆಗದು.

ಹಳದಿ ಜ್ವರದ ಲಸಿಕೆ: ದಾರಿ ಮುಖ್ಯ. ಕೀನ್ಯಾ, ಇಥಿಯೋಪಿಯಾ ಎರಡೂ ಭಾರತದ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿವೆ. ನೈರೋಬಿ ಅಥವಾ ಅದಿಸ್ ಅಬಾಬಾದಲ್ಲಿ ನಿಲ್ದಾಣ ಬಿಟ್ಟು ಹೊರಗೆ ಬಂದರೆ, ಅಥವಾ 12 ತಾಸಿಗಿಂತ ಹೆಚ್ಚು ಕಾದರೆ ಪ್ರಮಾಣಪತ್ರ ಕೇಳುತ್ತಾರೆ. ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ, ಸರ್ಕಾರ ಗೊತ್ತುಮಾಡಿದ ಕೇಂದ್ರದಲ್ಲೇ ಹಾಕಿಸಿರಬೇಕು. 60 ದಾಟಿದವರಿಗೆ ಈ ಲಸಿಕೆಯ ಅಡ್ಡಪರಿಣಾಮದ ಅಪಾಯ ಹೆಚ್ಚು. ಅಮ್ಮನ ವಿಷಯ ವೈದ್ಯರ ಹತ್ತಿರ ಮಾತಾಡಿ ಆಮೇಲೆ ಟಿಕೆಟ್ ತೆಗೆಯಿರಿ. ಮುಂಬೈ-ದಾರ್ ಎಸ್ ಸಲಾಮ್ ನೇರ ವಿಮಾನ ಹಿಡಿದರೆ ಈ ತಲೆನೋವೇ ಬರದ ಹಾಗೆ ಮಾಡಬಹುದು. ದಾರ್‌ನಿಂದ ದೋಣಿ ಸುಮಾರು ಎರಡು ತಾಸು. ಮಲೇರಿಯಾ ಜಾಂಜಿಬಾರ್‌ನಲ್ಲಿ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಮಾತ್ರೆ ಬೇಕೇ ಅಂತ ಅದೇ ಭೇಟಿಯಲ್ಲಿ ಕೇಳಿಬಿಡಿ.

ಧಾರವಾಡ ಪೇಡೆ
ಇಷ್ಟೆಲ್ಲಾ ಕಟಪಿಟಿ ಬ್ಯಾಡ ಅಂದ್ರ ಕೀನ್ಯಾದ ಡಿಯಾನಿ ಹೆಂಗ್ರಿ? ಅಲ್ಲಿ ಸಮುದ್ರ ಓಡಿಹೋಗೂದಿಲ್ಲೇನು?

ದಾರ್ ವಾಸಿ
ಅಲ್ಲೂ ಅದೇ ಸಮುದ್ರ, ಅದೇ ಉಬ್ಬರ. ಆದರೆ ಡಿಯಾನಿಯಲ್ಲಿ ದಿಬ್ಬ ದಡಕ್ಕೆ ಇನ್ನಷ್ಟು ಹತ್ತಿರ, ಹೋಟೆಲ್ ಮುಂದಿನ ಮರಳು ಅಗಲ ಮತ್ತು ಮೆತ್ತಗೆ, ಇಳಿತದಲ್ಲೂ ನೋಡಲು ಬೀಚ್ ಬೀಚಿನ ಹಾಗೇ ಇರುತ್ತೆ. ಈಜಲು ಮಾತ್ರ ಉಬ್ಬರಕ್ಕೇ ಕಾಯಬೇಕು. ನೈರೋಬಿಯಿಂದ ಪಕ್ಕದ ಉಕುಂಡಾ ಏರ್‌ಸ್ಟ್ರಿಪ್‌ಗೆ ನೇರ ಹಾರಬಹುದು. ಮೊಂಬಾಸಾಗೆ ರೈಲಿನಲ್ಲಿ ಬಂದರೆ ಅಲ್ಲಿಂದ ಲಿಕೋನಿ ದೋಣಿ ಅಥವಾ ಡೊಂಗೊ ಕುಂಡು ಹೆದ್ದಾರಿ. ಬಾಲ್ಕನಿ ಬಾಗಿಲು ತೆರೆದಿಟ್ಟರೆ ಕೋತಿಗಳು ಹಣ್ಣಷ್ಟೇ ಅಲ್ಲ, ಮಾತ್ರೆ ಡಬ್ಬಿಯನ್ನೂ ಒಯ್ಯುತ್ತವೆ. ಮಲೇರಿಯಾ ಅಲ್ಲಿ ಹೆಚ್ಚು, ಹಳದಿ ಜ್ವರದ ಲಸಿಕೆ ಬೇಕೇ ಬೇಕು. ಈ ಕುಟುಂಬಕ್ಕೆ ಜಾಂಜಿಬಾರೇ ಸಸಾರ.

ತುಂಗಾತೀರ
ಎಲ್ಲರಿಗೂ ಧನ್ಯವಾದ. ಪಟ್ಟಿಯಲ್ಲಿ ನುಂಗ್ವಿ ಹೋಟೆಲ್ ಪೂರ್ವ ಬದಿಯದ್ದು ಅಂತ ನಕ್ಷೆಯಲ್ಲಿ ಗೊತ್ತಾಯ್ತು, ತೆಗೆದೆ. ಕಿವೆಂಗ್ವಾದ್ದಕ್ಕೆ 34 ಮೆಟ್ಟಿಲಂತೆ, ಅದೂ ಹೋಯ್ತು. ಕೆಂಡ್ವಾದಲ್ಲಿ ಒಂದು ಹೊಸದಾಗಿ ನೋಡಿದ್ದೇವೆ. ಅಷ್ಟಮಿಯಿಂದ ಮೂರು ರಾತ್ರಿ ಕೆಂಡ್ವಾ, ಕೊನೆಯ ಎರಡು ರಾತ್ರಿ ಜಂಬಿಯಾನಿ ಅಂದುಕೊಂಡಿದ್ದೇವೆ. ಮಗುವಿಗೆ ಕಡಲಪಾಚಿ ಬೆಳೆಯೋದು ತೋರಿಸಬೇಕು. ಹೋಟೆಲಿಗೆ ಏನೇನು ಬರೆದು ಕೇಳಲಿ?

ಮರವಂತೆ ಮರಳು
ಸರದಿ ತಿರುಗಿಸಿ. ಮೊದಲು ಜಂಬಿಯಾನಿ, ಆಮೇಲೆ ಕೆಂಡ್ವಾ. ಏಕಾದಶಿಯಿಂದ ಮುಂದೆ ದಿನದಿನಕ್ಕೆ ನೀರು ಹೆಚ್ಚು ದೂರ ಸರಿಯುತ್ತಾ ಹೋಗುತ್ತೆ. ಕೆಂಡ್ವಾಕ್ಕೆ ಯಾವ ತಿಥಿಯೂ ಒಂದೇ.

ಆದರೆ ಪಾಚಿ ಹೊಲಕ್ಕೆ ಇದು ಉಲ್ಟಾ. ಹೆಂಗಸರು ಕೋಲು ನೆಟ್ಟು, ಕೋಲಿನಿಂದ ಕೋಲಿಗೆ ಹಗ್ಗ ಬಿಗಿದು, ಹಗ್ಗಕ್ಕೆ ಗೇಣಿಗೊಂದರಂತೆ ಪಾಚಿಯ ತುಣುಕು ಕಟ್ಟುವ ಕೆಲಸ ನಡೆಯುವುದು ದೊಡ್ಡ ಇಳಿತದಲ್ಲೇ, ಅಮಾವಾಸ್ಯೆ-ಹುಣ್ಣಿಮೆ ಸುತ್ತಿನ ದಿನಗಳಲ್ಲಿ. 1989ರ ಸುಮಾರಿಗೆ ಪಾಜೆ-ಜಂಬಿಯಾನಿ ಕಡೆ ವ್ಯಾಪಾರಕ್ಕಂತ ಶುರುವಾದ ಬೆಳೆ ಅದು. ಅಷ್ಟಮಿಯಲ್ಲಿ ಹೊಲ ನೀರೊಳಗೇ ಇರುತ್ತದೆ, ಕೋಲಿನ ತುದಿಯೂ ಕಂಡರೆ ಕಂಡಿತು. ಮಗುವಿಗೆ ದಡದಲ್ಲಿ ಒಣಗಿಸುವುದು, ಸೋಪು ಮಾಡುವುದು ತೋರಿಸಬಹುದು. ಹೊಲವನ್ನೇ ನೋಡಬೇಕು ಅಂದರೆ ನೀರಾಟ ಬಿಡಬೇಕು. ಎರಡೂ ಒಂದೇ ವಾರದಲ್ಲಿ ಸಿಗುವುದಿಲ್ಲ.

ಕೇಳಬೇಕಾದ್ದು ಆರೇ: ನಮ್ಮ ಕೋಣೆ ಸಂಖ್ಯೆಯ ಸಾಲು ದಂಡೆಯಿಂದ ಎಷ್ಟು ಮೀಟರ್, ನಡುವೆ ರಸ್ತೆಯೋ ಬೇರೆ ಹೋಟೆಲೋ ಇದೆಯೇ. ನೆಲಮಹಡಿ ಕೋಣೆ ಬರಹದಲ್ಲಿ ಖಾತ್ರಿ ಮಾಡುತ್ತೀರಾ. ಈ ದಿನಾಂಕದಲ್ಲಿ ಉಬ್ಬರ ಬಂದಾಗ ನಿಮ್ಮ ಮುಂದೆ ಎಷ್ಟು ಅಗಲ ಮರಳು ಉಳಿಯುತ್ತೆ. ರಾತ್ರಿ ಎಸಿ ಜನರೇಟರ್ ಮೇಲೆ ನಡೆಯುತ್ತಾ. ಅಕ್ಕಪಕ್ಕ ಕಟ್ಟಡ ಕೆಲಸ ನಡೀತಿದೆಯಾ. ತೆರಿಗೆ ಎಲ್ಲ ಸೇರಿ ನಾಲ್ವರಿಗೆ ಒಟ್ಟು ಎಷ್ಟು. "ಬೀಚ್‌ಫ್ರಂಟ್" ಅನ್ನುವ ಪದವನ್ನು ನೀವು ಬಳಸಲೇಬೇಡಿ, ಬಳಸಿದರೆ ಉತ್ತರ ಒಂದೇ: ಹೌದು.

ದಾರ್ ವಾಸಿ
ಏಳನೆಯದು ಸೇರಿಸಿ: ಹತ್ತಿರದ ಕ್ಲಿನಿಕ್ ಎಷ್ಟು ದೂರ, ರಾತ್ರಿ ಹೋಟೆಲ್ ಗಾಡಿ ಸಿಗುತ್ತಾ. ದೊಡ್ಡ ಆಸ್ಪತ್ರೆ ಇರುವುದು ಸ್ಟೋನ್ ಟೌನ್ ಕಡೆ, ಎರಡು ದಂಡೆಯಿಂದಲೂ ತಾಸಿನ ಮೇಲಿನ ದಾರಿ.

ತುಂಗಾತೀರ
ಸರದಿ ತಿರುಗಿಸಿದೆ. ಜಂಬಿಯಾನಿ ಹೋಟೆಲಿನವರು ಉತ್ತರ ಕಳಿಸಿದ್ದಾರೆ. ನೆಲಮಹಡಿ ಸರಿ, ಜನರೇಟರ್ ದೀಪಕ್ಕೆ ಮಾತ್ರ ಅಂತ ನೇರವಾಗೇ ಹೇಳಿದರು, ಅದು ಹಿಡಿಸಿತು. ಅಷ್ಟಮಿಯ ಉಬ್ಬರ "ಸಾ ನ್ನೆ" ಹೊತ್ತಿಗೆ ಅಂತ ಬರೆದಿದ್ದಾರೆ. ಹುಡುಕಿದರೆ ನ್ನೆ ಅಂದರೆ ನಾಲ್ಕು. ನಿಮ್ಮ ಲೆಕ್ಕ ಹತ್ತೂವರೆ. ಯಾರದ್ದು ಸರಿ?

ದಾರ್ ವಾಸಿ
ಇಬ್ಬರದ್ದೂ. ಸ್ವಾಹಿಲಿ ಗಡಿಯಾರ ಸೂರ್ಯೋದಯದಿಂದ ಎಣಿಸುತ್ತದೆ, ನಮ್ಮ ಹಳೆಯ ಗಳಿಗೆ ಲೆಕ್ಕದ ಹಾಗೆ. ಬೆಳಿಗ್ಗೆ ಏಳಕ್ಕೆ ಅವರ ಒಂದು, ಹತ್ತಕ್ಕೆ ಅವರ ನಾಲ್ಕು. ಯಾವ ಹೊತ್ತಿಗೂ ಆರು ಕೂಡಿಸಿ. ಟ್ಯಾಕ್ಸಿಯವರಿಗೆ ಹೇಳುವಾಗ ಬಾಯಲ್ಲಿ ಹೇಳಬೇಡಿ, ಫೋನಿನಲ್ಲಿ ಗಡಿಯಾರದ ಅಂಕಿ ತೋರಿಸಿ.